ಬೆಲೆ ಮೊದಲೇ ಹೇಳಿ, ಬಿಡುವ ದಾರಿ ಕಾಣಿಸಿ: ಬೆಂಗಳೂರಿನ ಆ್ಯಪ್ ವಿನ್ಯಾಸಕರಿಗೆ ಒಂದು ಬಹಿರಂಗ ಪತ್ರ



ಎಚ್‌ಎಸ್‌ಆರ್ ಲೇಔಟ್, ಕೋರಮಂಗಲ, ಬೆಳ್ಳಂದೂರಿನ ಕಚೇರಿಗಳಲ್ಲಿ ಕೂತು ದೇಶವೆಲ್ಲ ಬಳಸುವ ಆ್ಯಪ್‌ಗಳ ಪರದೆ ರೂಪಿಸುವವರು ನೀವು. ವಿನ್ಯಾಸಕರು, ಪ್ರಾಡಕ್ಟ್ ಮ್ಯಾನೇಜರುಗಳು, ಕೋಡ್ ಬರೆಯುವವರು, ಗುಂಡಿಯ ಮೇಲೆ ಯಾವ ಪದ ಇರಬೇಕೆಂದು ತೀರ್ಮಾನಿಸುವವರು, ಎಲ್ಲರಿಗೂ ಸೇರಿ ಈ ಪತ್ರ. ಇದನ್ನು ಮಂತ್ರಿಗಳಿಗೋ ಗ್ರಾಹಕ ಆಯೋಗಕ್ಕೋ ಬರೆಯಬಹುದಿತ್ತು. ಆದರೆ ಬೆಲೆ ಮತ್ತು ಚಂದಾ ವಿಷಯದಲ್ಲಿ ನಮ್ಮ ದೇಶಕ್ಕೆ ಕಾನೂನಿನ ಕೊರತೆ ಅಷ್ಟಾಗಿ ಇಲ್ಲ. ಇರುವ ಕಾನೂನು ಕೊಳ್ಳುವವರ ಕೈಗೆ ದಕ್ಕುತ್ತದೋ ಇಲ್ಲವೋ ಎನ್ನುವುದು ನಿಮ್ಮ ಪರದೆಯ ಮೇಲೆ ತೀರ್ಮಾನವಾಗುತ್ತಿದೆ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ನಾನು ಮೂರು ದಶಕ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು. ನಿವೃತ್ತಳಾದ ಮೇಲೂ ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಯಾರದಾದರೂ ಖಾತೆಯಿಂದ ದುಡ್ಡು ಕಟ್ ಆಯಿತೆಂದರೆ ಅವರು ಮೊದಲು ಬರುವುದು ನಮ್ಮ ಮನೆಗೆ. ಈಚಿನ ದೂರುಗಳಲ್ಲಿ ಹೆಚ್ಚಿನವು ಕಳ್ಳತನದ್ದಲ್ಲ, ಲಾಟರಿ ಮೋಸದ್ದೂ ಅಲ್ಲ. ಪಿನ್ ಒತ್ತಿದವರು ಅವರೇ. ಒತ್ತಿದ್ದು ಯಾತಕ್ಕೆಂದು ಗೊತ್ತಿರಲಿಲ್ಲ, ಅಷ್ಟೇ.

ಪಕ್ಕದ ಬೀದಿಯ ಮೇಷ್ಟ್ರು ಮೊಮ್ಮಗಳಿಗೆ ಕಥೆ ಕೇಳಿಸಲು ಒಂದು ಆಡಿಯೊ ಆ್ಯಪ್ ಹಾಕಿಕೊಂಡಿದ್ದರು. "ಮೇಡಂ, ಒಂದೇ ರೂಪಾಯಿ ಅಂತಿತ್ತು. ಒಂದು ರೂಪಾಯಿ ತಾನೇ ಅಂತ ಒತ್ತಿದೆ. ಈಗ ಇನ್ನೂರ ತೊಂಬತ್ತೊಂಬತ್ತು ಹೋಗಿದೆ" ಎಂದರು. ಆ ಪರದೆಯನ್ನು ನಾನೇ ತೆಗೆದು ನೋಡಿದೆ. "ಕೇವಲ ₹1" ಎಂದು ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ, ಅದೂ ಕನ್ನಡದಲ್ಲಿ. ಏಳು ದಿನ ಕಳೆದ ಮೇಲೆ ಮೂರು ತಿಂಗಳಿಗೊಮ್ಮೆ ₹299 ತಾನಾಗಿ ಕಟ್ ಆಗುತ್ತದೆ ಎಂಬ ಸಾಲು ಇತ್ತು, ಇಲ್ಲವೆನ್ನಲಾರೆ. ಅದು ಗುಂಡಿಯ ಕೆಳಗೆ, ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ, ಇಂಗ್ಲಿಷಿನಲ್ಲಿ ಇತ್ತು. ಕನ್ನಡ ಓದಿದವರನ್ನು ಕರೆದದ್ದು ಕನ್ನಡದಲ್ಲಿ, ಷರತ್ತು ಹೇಳಿದ್ದು ಇನ್ನೊಂದು ಭಾಷೆಯಲ್ಲಿ.

ರದ್ದು ಮಾಡಲು ಕೂತೆವು. ಮೊದಲ ಪುಟದಲ್ಲಿ ಅದರ ಸುಳಿವೇ ಇಲ್ಲ. ಪ್ರೊಫೈಲ್‌ಗೆ ಹೋಗಿ, ಸೆಟ್ಟಿಂಗ್ಸ್‌ಗೆ ಹೋಗಿ, ಸಹಾಯ ಎಂಬಲ್ಲಿ ಒತ್ತಿ, ಅಲ್ಲಿ ಪ್ರಶ್ನೆಗಳ ಪಟ್ಟಿಯ ಕೊನೆಯಲ್ಲಿ ಸದಸ್ಯತ್ವ ಸಿಕ್ಕಿತು. ಅದನ್ನು ಒತ್ತಿದರೆ ಮೊಮ್ಮಗಳು ಯಾವ ಯಾವ ಕಥೆ ಕಳೆದುಕೊಳ್ಳುತ್ತಾಳೆ ಎಂಬ ಚಿತ್ರಗಳು. ಆಮೇಲೆ ಕಾರಣ ಕೇಳುವ ಪುಟ. ಆಮೇಲೆ ಅರ್ಧ ಬೆಲೆಯ ಆಸೆ. ಕೊನೆಯ ಪುಟದಲ್ಲಿ ಎರಡು ಆಯ್ಕೆ: ಬಣ್ಣ ತುಂಬಿದ ದೊಡ್ಡ ಗುಂಡಿಯಲ್ಲಿ "ಉಳಿಸಿಕೊಳ್ಳಿ", ಅದರ ಕೆಳಗೆ ಗೆರೆಯೂ ಇಲ್ಲದ ಮಂಕು ಅಕ್ಷರದಲ್ಲಿ "ಮುಂದುವರಿಸಿ". ಮುಂದುವರಿಸಬೇಕಾದ್ದು ಚಂದಾವನ್ನೋ, ರದ್ದತಿಯನ್ನೋ? ನಲವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ಮನುಷ್ಯ ಆ ಗುಂಡಿಯ ಮುಂದೆ ಬೆರಳು ಎತ್ತಿ ಹಿಡಿದು ನನ್ನ ಮುಖ ನೋಡಿದರು. ಒತ್ತಿದೆವು. ಸಹಾಯವಾಣಿಗೆ ಇಮೇಲ್ ಕಳಿಸಿ ಎಂದು ಬಂತು.

ಆಗ ನಾನು ಆ ಆ್ಯಪ್ ಮುಚ್ಚಿ, ಅವರು ಹಣ ಕಳಿಸಲು ಬಳಸುವ ಯುಪಿಐ ಆ್ಯಪ್ ತೆರೆದೆ. ಅಲ್ಲಿ ಆಟೊಪೇ ಎಂಬ ವಿಭಾಗದಲ್ಲಿ ಆ ಕಂಪನಿಯ ಹೆಸರು, ಮೊತ್ತ, ಮುಂದಿನ ತಾರೀಖು ಎಲ್ಲ ಇತ್ತು. ರದ್ದು ಎಂದು ಒತ್ತಿ ಪಿನ್ ಹಾಕಿದರು. ಒಂದು ನಿಮಿಷವೂ ಹಿಡಿಯಲಿಲ್ಲ.

ಕಾನೂನಿನಿಂದ ಕೊಳ್ಳುವವರಿಗೆ ಲಾಭವಿದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಈ ಎರಡು ಆ್ಯಪ್‌ಗಳ ನಡುವೆ ಇದೆ. ಎರಡಕ್ಕೂ ಕಾನೂನು ಅನ್ವಯಿಸುತ್ತದೆ. ಒಂದರಲ್ಲಿ ಅದು ಗುಂಡಿಯೊಳಗೇ ಕೂತಿದೆ, ಇನ್ನೊಂದರಲ್ಲಿ ಸರ್ಕಾರದ ಗೆಜೆಟ್‌ನಲ್ಲಿ ಕೂತಿದೆ.

ಯುಪಿಐ ಆ್ಯಪ್‌ನಲ್ಲಿ ಆ ರದ್ದು ಗುಂಡಿ ತಾನಾಗಿ ಹುಟ್ಟಿದ್ದಲ್ಲ. ನಾನು ಕೌಂಟರಿನಲ್ಲಿದ್ದಾಗ ಕಾರ್ಡಿನ ಮೇಲೆ ಯಾರಾದರೂ ಕಂಪನಿಗೆ ತಿಂಗಳ ಹಣ ಎಳೆದುಕೊಳ್ಳಲು ಒಪ್ಪಿಗೆ ಕೊಟ್ಟರೆ ಅದನ್ನು ನಿಲ್ಲಿಸುವುದು ದೊಡ್ಡ ತಲೆನೋವು. ನಾವು "ಕಂಪನಿಯವರನ್ನೇ ಕೇಳಿ" ಎನ್ನುತ್ತಿದ್ದೆವು, ಕಂಪನಿಯವರು "ನಿಮ್ಮ ಬ್ಯಾಂಕನ್ನು ಕೇಳಿ" ಎನ್ನುತ್ತಿದ್ದರು. ಎಷ್ಟೋ ಜನ ಕೊನೆಗೆ ಕಾರ್ಡನ್ನೇ ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಂಡರು. ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ಹೊರಡಿಸಿ, ಗಡುವು ವಿಸ್ತರಿಸುತ್ತ 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟಾಗಿ ಜಾರಿ ಮಾಡಿದ ನಿಯಮ ಇದನ್ನು ಬದಲಿಸಿತು. ಹಣ ಕಟ್ ಆಗುವ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. ಮಿತಿ ಮೀರಿದ ಮೊತ್ತಕ್ಕೆ ಪ್ರತಿ ಸಲವೂ ಒಟಿಪಿಯಂಥ ಹೆಚ್ಚುವರಿ ದೃಢೀಕರಣ ಬೇಕು. ಆ ಮಿತಿ ಆಗ ₹5,000 ಇತ್ತು, 2022ರ ಜೂನ್‌ನಲ್ಲಿ ₹15,000 ಆಯಿತು. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂಪಡೆಯುವ ಆನ್‌ಲೈನ್ ಸೌಲಭ್ಯವನ್ನು ಬ್ಯಾಂಕೇ ಕೊಡಬೇಕು. ಗ್ರಾಹಕ ದೂರು ಕೊಡಬೇಕಿಲ್ಲ, ಸೆಕ್ಷನ್ ತಿಳಿದಿರಬೇಕಿಲ್ಲ, ವಕೀಲರು ಬೇಕಿಲ್ಲ.

ಇದಕ್ಕೆ ಬೆಲೆ ತೆರಬೇಕಾಯಿತು ಎನ್ನುವುದನ್ನೂ ಒಪ್ಪುತ್ತೇನೆ. 2021ರಲ್ಲಿ ಅಮೆಜಾನ್ ತನ್ನ ಪ್ರೈಮ್‌ನ ತಿಂಗಳ ಚಂದಾವನ್ನೂ ಉಚಿತ ಪ್ರಯೋಗಾವಧಿಯನ್ನೂ ಇಲ್ಲಿ ಕೆಲಕಾಲ ನಿಲ್ಲಿಸಿತು. 2022ರಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್‌ನಲ್ಲಿ ಭಾರತದ ಕಾರ್ಡುಗಳನ್ನೇ ತೆಗೆದುಕೊಳ್ಳುವುದನ್ನು ಬಿಟ್ಟಿತು. ಓದುಗರ ಚಂದಾವನ್ನೇ ನಂಬಿದ ಸಣ್ಣ ಸುದ್ದಿತಾಣಗಳಿಗೂ ಪೆಟ್ಟು ಬಿತ್ತು. ನಿಜವಾಗಿ ಮುಂದುವರಿಸಲು ಬಯಸಿದವರ ಪಾವತಿಯೂ ವಿಫಲವಾಗುತ್ತಿತ್ತು. ಅದು ಅನ್ಯಾಯವೇ. ಆದರೂ ಆ ಪೆಟ್ಟಿನಿಂದ ಉದ್ಯಮ ಚೇತರಿಸಿಕೊಂಡಿತು, ಮೇಷ್ಟ್ರ ಕೈಗೆ ಬಂದ ಆ ಗುಂಡಿ ಮಾತ್ರ ಉಳಿಯಿತು. ನನ್ನ ಲೆಕ್ಕದಲ್ಲಿ ಅದು ಸರಿಯಾದ ವ್ಯಾಪಾರ.

ನಿಮ್ಮಲ್ಲಿ ಬಹುಪಾಲು ಜನ ಹುಟ್ಟುವ ಮೊದಲಿನ ಒಂದು ಸಂಗತಿ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಸೋಪು, ಬಿಸ್ಕತ್ತಿನ ಪೊಟ್ಟಣದ ಮೇಲೆ ಬೆಲೆ ಇರುತ್ತಿತ್ತು, ಪಕ್ಕದಲ್ಲಿ "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂದೂ ಇರುತ್ತಿತ್ತು. ಆ ತೆರಿಗೆ ಎಷ್ಟೆಂದು ಗ್ರಾಹಕರಿಗೆ ಗೊತ್ತಿರಲಿಲ್ಲ. ಅಂಗಡಿಯವರು ಹೇಳಿದ್ದೇ ತೆರಿಗೆ. ಒಂದೇ ಸೋಪಿಗೆ ಒಂದೇ ಬೀದಿಯಲ್ಲಿ ಮೂರು ಬೆಲೆ. 1990ರಲ್ಲಿ ಪೊಟ್ಟಣ ಸಾಮಗ್ರಿಗಳ ನಿಯಮ ತಿದ್ದಿ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನೇ ಮುದ್ರಿಸಬೇಕು ಎಂದು ಮಾಡಿದರು. ಇವತ್ತು ಕೂಲಿಗೆ ಹೋಗುವ ಹೆಣ್ಣುಮಗಳೂ ಪೊಟ್ಟಣ ತಿರುಗಿಸಿ "ಎಂಆರ್‌ಪಿ ಇಷ್ಟೇ ಇದೆಯಲ್ಲಣ್ಣ" ಎಂದು ಕೇಳುತ್ತಾಳೆ. ಆಕೆಗೆ ಕಾನೂನಿನ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಎಂಆರ್‌ಪಿಗೆ ಅದರದೇ ದೋಷಗಳಿವೆ. ಆ ಅಂಕಿಯನ್ನು ಬರೆಯುವವರು ತಯಾರಕರೇ ಆದ್ದರಿಂದ ಬೇಕೆಂದೇ ಏರಿಸಿ ಬರೆದು ಶೇ 70 ರಿಯಾಯಿತಿ ಎಂದು ಮಾರುವುದನ್ನು ಅದು ತಡೆಯುವುದಿಲ್ಲ. ಹೋಟೆಲುಗಳು ನೀರಿನ ಬಾಟಲಿಯನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದೆಂದು ಸುಪ್ರೀಂ ಕೋರ್ಟೇ 2017ರ ಡಿಸೆಂಬರ್‌ನಲ್ಲಿ ಹೇಳಿದೆ. ಹಾಗಿದ್ದರೂ ಪೊಟ್ಟಣದ ಮೇಲಿನ ಅಂಕಿ ಕೌಂಟರಿನಲ್ಲಿ ಬೆಳೆಯುವುದಿಲ್ಲ ಎಂಬ ಒಂದು ಭರವಸೆಯನ್ನು ಅದು ಕೊಟ್ಟಿತು.

ಆ ಭರವಸೆಯನ್ನು ನಿಮ್ಮ ಪರದೆ ಹಿಂದಕ್ಕೆ ತೆಗೆದುಕೊಳ್ಳುತ್ತಿದೆ. ನನ್ನ ಮಗ ಬೆಂಗಳೂರಿನಲ್ಲಿ ದಿನಸಿ ತರಿಸಿದ ಒಂದು ಬಿಲ್ ನನ್ನ ಮುಂದಿದೆ. ಹಾಲು, ಬ್ರೆಡ್ಡು, ಕೊತ್ತಂಬರಿ, ಒಂದು ಪೊಟ್ಟಣ ರವೆ. ಸಾಮಾನಿನ ಬೆಲೆ ₹148, ಒಂದೂ ಎಂಆರ್‌ಪಿ ಮೀರಿಲ್ಲ. ಕೆಳಗೆ ಹ್ಯಾಂಡ್ಲಿಂಗ್ ಶುಲ್ಕ, ಡೆಲಿವರಿ ಶುಲ್ಕ, ಸಣ್ಣ ಬುಟ್ಟಿಯ ಶುಲ್ಕ, ಆ ಸಂಜೆ ಮಳೆ ಬಂದದ್ದಕ್ಕೆ ಮಳೆ ಶುಲ್ಕ. ಕೊಟ್ಟದ್ದು ₹218. ಮಳೆಯಲ್ಲಿ ಗಾಡಿ ಓಡಿಸಿಕೊಂಡು ಬಂದ ಹುಡುಗನಿಗೆ ಹೆಚ್ಚು ದುಡ್ಡು ಸಿಗುವುದಾದರೆ ನನ್ನ ಆಕ್ಷೇಪವೇ ಇಲ್ಲ. ಮನೆ ಬಾಗಿಲಿಗೆ ತರುವುದಕ್ಕೆ ಖರ್ಚಿದೆ, ಅದನ್ನು ಯಾರಾದರೂ ಕೊಡಲೇಬೇಕು. ನನ್ನ ಪ್ರಶ್ನೆ, ₹218 ಎಂಬ ಅಂಕಿ ಮೊದಲ ಪುಟದಲ್ಲಿ ಏಕೆ ಇರಲಿಲ್ಲ? ವಿಳಾಸ ನಿಮಗೆ ಗೊತ್ತು, ಬುಟ್ಟಿಯಲ್ಲಿ ಏನಿದೆ ಎಂದೂ ಗೊತ್ತು, ಮಳೆ ಬರುತ್ತಿರುವುದೂ ಗೊತ್ತು. ಎಂಬತ್ತರ ದಶಕದ ಅಂಗಡಿಯಾತ ಬಾಯಲ್ಲಿ ಹೇಳುತ್ತಿದ್ದ "ತೆರಿಗೆ ಬೇರೆ" ಎಂಬ ಮಾತು ಈಗ ನಾಲ್ಕು ಹೆಸರಿನಲ್ಲಿ ಮರಳಿ ಬಂದಿದೆ.

ಇದನ್ನು ತಡೆಯಲು ಕಾನೂನಿಲ್ಲ ಎಂದುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹುಟ್ಟಿದ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಬಳಸುವವರನ್ನು ದಾರಿ ತಪ್ಪಿಸುವ ವಿನ್ಯಾಸ ತಂತ್ರಗಳ, ವಿರುದ್ಧ ಮಾರ್ಗಸೂಚಿ ಹೊರಡಿಸಿತು. 13 ಬಗೆಯ ಮೋಸಗಳನ್ನು ಹೆಸರಿಟ್ಟು ಪಟ್ಟಿ ಮಾಡಿದೆ. ಬೆಲೆಯನ್ನು ಹನಿಹನಿಯಾಗಿ ಹೊರಗೆಡಹುವುದು ಅದರಲ್ಲಿದೆ. ಕೇಳದೆ ಬುಟ್ಟಿಗೆ ಸಾಮಾನು, ವಿಮೆ, ದೇಣಿಗೆ ಸೇರಿಸುವುದಿದೆ. "ಬೇಡ" ಎನ್ನುವವರನ್ನು ನಾಚಿಸುವ ಮಾತು ಗುಂಡಿಯ ಮೇಲೆ ಬರೆಯುವುದಿದೆ. ಚಂದಾ ಬಲೆಯನ್ನಂತೂ ಬಿಡಿಸಿ ಹೇಳಿದೆ: ರದ್ದತಿಯನ್ನು ಜಟಿಲಗೊಳಿಸುವುದು, ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಉಚಿತ ಚಂದಾ ಕೊಡಲು ಆಟೊ ಡೆಬಿಟ್ ಒಪ್ಪಿಗೆಯನ್ನು ಬಲವಂತವಾಗಿ ಪಡೆಯುವುದು. ಮೇಷ್ಟ್ರ ಪರದೆ ಈ ಸಾಲನ್ನು ಓದಿಯೇ ರೂಪಿಸಿದ ಹಾಗಿದೆ. ಉಚಿತ ಎಂದರೆ ತಪ್ಪಾಗುತ್ತದೆ, ಆದ್ದರಿಂದ ಒಂದು ರೂಪಾಯಿ.

ಮಾರ್ಗಸೂಚಿ ಬಂದ ಮಾರನೆಯ ವರ್ಷ, 2024ರಲ್ಲಿ, ಜಾಹೀರಾತು ಉದ್ಯಮದ್ದೇ ಸ್ವಯಂ ನಿಯಂತ್ರಣ ಸಂಸ್ಥೆಯಾದ ಎಎಸ್‌ಸಿಐ ಭಾರತದಲ್ಲಿ ಹೆಚ್ಚು ಬಳಕೆಯ 53 ಆ್ಯಪ್‌ಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. ಅವುಗಳಲ್ಲಿ 52ರಲ್ಲಿ ಒಂದಲ್ಲ ಒಂದು ಬಗೆಯ ಡಾರ್ಕ್ ಪ್ಯಾಟರ್ನ್ ಇತ್ತು. 2025ರ ಜೂನ್‌ನಲ್ಲಿ ಪ್ರಾಧಿಕಾರ ಇ-ಕಾಮರ್ಸ್ ಕಂಪನಿಗಳಿಗೆ ಮೂರು ತಿಂಗಳೊಳಗೆ ನೀವೇ ನಿಮ್ಮನ್ನು ತಪಾಸಣೆ ಮಾಡಿಕೊಳ್ಳಿ ಎಂದು ಸೂಚಿಸಿತು. ನಾನು ಬ್ಯಾಂಕಿನಲ್ಲಿದ್ದವಳು. ನಮ್ಮ ಶಾಖೆಯ ಲೆಕ್ಕವನ್ನು ನಾವೇ ತಪಾಸಣೆ ಮಾಡಿಕೊಂಡರೆ ಸಾಕೆಂದು ಯಾವ ರಿಸರ್ವ್ ಬ್ಯಾಂಕೂ ಎಂದೂ ಹೇಳಲಿಲ್ಲ. ಹೊರಗಿನ ಲೆಕ್ಕಪರಿಶೋಧಕರು ಬಂದು ವೋಚರ್ ಒಂದೊಂದನ್ನೂ ತೆಗೆಸಿ ನೋಡುತ್ತಿದ್ದರು.

"ಅನ್ಯಾಯವಾಗಿದ್ದರೆ ದೂರು ಕೊಡಲಿ, 1915 ಸಹಾಯವಾಣಿ ಇದೆ, ಆಯೋಗ ಇದೆ" ಎನ್ನುತ್ತೀರಿ. ಇವೆ, ಚೆನ್ನಾಗಿಯೇ ಇವೆ. ಸಹಾಯವಾಣಿಯಿಂದ ಹಣ ವಾಪಸು ಬಂದ ನೆರೆಯವರು ನನಗೆ ಗೊತ್ತು. ಗ್ರಾಹಕರು ತಾವಿರುವ ಊರಿನ ಆಯೋಗದಲ್ಲೇ ದೂರು ಹಾಕಬಹುದು, ₹5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ. ಆದರೆ ಬೆಂಗಳೂರಿನಲ್ಲಿ ಒಂದು ದೊಡ್ಡ ಪೀಠೋಪಕರಣ ಮಳಿಗೆ ಕೈಚೀಲಕ್ಕೆ ₹20 ತೆಗೆದುಕೊಂಡ ಪ್ರಕರಣ ನೆನಪಿಸಿಕೊಳ್ಳಿ. ಗ್ರಾಹಕಿಗೆ 2023ರಲ್ಲಿ ಆಯೋಗ ಪರಿಹಾರ ಮತ್ತು ಖರ್ಚು ಸೇರಿ ₹3,000 ಕೊಡಿಸಿತು. ಅದಕ್ಕೆ ಮೂರು ವರ್ಷ ಮೊದಲೇ ರಾಷ್ಟ್ರೀಯ ಆಯೋಗ ಇನ್ನೊಂದು ಮಳಿಗೆಯ ಪ್ರಕರಣದಲ್ಲಿ ಹೀಗೆ ಕೊನೆಯ ಗಳಿಗೆಯಲ್ಲಿ ಚೀಲಕ್ಕೆ ದುಡ್ಡು ಕೇಳುವುದು ಅನುಚಿತ ವ್ಯಾಪಾರ ಪದ್ಧತಿ ಎಂದಿತ್ತು. ರಾಷ್ಟ್ರೀಯ ಆಯೋಗದ ಮಾತು ಬಂದ ಮೇಲೂ ಒಬ್ಬೊಬ್ಬ ಗ್ರಾಹಕರೂ ಹೊಸದಾಗಿ ಮೊದಲಿಂದ ಹೋರಾಡಬೇಕು. ಆ ಹೆಣ್ಣುಮಗಳ ಛಲಕ್ಕೆ ನನ್ನ ಗೌರವವಿದೆ. ಆದರೆ ಇಪ್ಪತ್ತು ರೂಪಾಯಿಗೆ ಆಯೋಗದ ಮೆಟ್ಟಿಲು ಹತ್ತುವವರು ಸಾವಿರದಲ್ಲಿ ಒಬ್ಬರೂ ಸಿಗಲಾರರು ಎಂಬುದು ನಿಮ್ಮ ಕಂಪನಿಗಳಿಗೂ ಗೊತ್ತು. ಸಣ್ಣ ಮೊತ್ತವನ್ನು ಲಕ್ಷಾಂತರ ಜನರಿಂದ ತೆಗೆದುಕೊಂಡರೆ ದೂರಿನ ಕಾನೂನು ಸೋಲುತ್ತದೆ.

ಬೆಲೆಯ ಕಾನೂನು ಎಂದೊಡನೆ ನಿಮಗೆ ಬೆಲೆಗೆ ಮಿತಿ ಹಾಕುವ ಸರ್ಕಾರ ನೆನಪಾಗಬಹುದು. ನಮ್ಮ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಸಿನಿಮಾ ಟಿಕೆಟ್ಟಿಗೆ ತೆರಿಗೆ ಬಿಟ್ಟು ₹200ರ ಮಿತಿ ಹಾಕಿತು, ಕೆಲವೇ ದಿನಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಅದು ಬೇರೆ ಚರ್ಚೆ, ನನಗೆ ಆ ಮಿತಿಯಲ್ಲಿ ಅಷ್ಟು ನಂಬಿಕೆಯೂ ಇಲ್ಲ. ನೀವು ₹218 ತೆಗೆದುಕೊಳ್ಳಿ, ₹250 ತೆಗೆದುಕೊಳ್ಳಿ. ಪಕ್ಕದ ಆ್ಯಪ್‌ನವರ ₹230ರ ಜೊತೆ ಹೋಲಿಸಿ ನೋಡಲು ನನಗೆ ಬಿಡಿ, ಸಾಕು. ಪ್ರಾಮಾಣಿಕವಾಗಿ ಪೂರ್ತಿ ಬೆಲೆ ಹೇಳುವ ಕಂಪನಿ ಇವತ್ತು ಪಟ್ಟಿಯಲ್ಲಿ ದುಬಾರಿಯಾಗಿ ಕಾಣುತ್ತದೆ, ₹148 ಎಂದು ತೋರಿಸುವವರು ಅಗ್ಗವಾಗಿ ಕಾಣುತ್ತಾರೆ. ಎಲ್ಲರಿಗೂ ಒಂದೇ ನಿಯಮ ಇದ್ದರೆ ಮೊದಲು ಉಳಿಯುವವರು ಪ್ರಾಮಾಣಿಕ ವ್ಯಾಪಾರಿಗಳು.

ಈಗ ನಿಮ್ಮ ವೃತ್ತಿಯ ಮಾತು. ಡಾರ್ಕ್ ಪ್ಯಾಟರ್ನ್ ಎಂಬ ಹೆಸರನ್ನು 2010ರಲ್ಲಿ ಕೊಟ್ಟವರು ಮಂತ್ರಿಯಲ್ಲ, ನ್ಯಾಯಾಧೀಶರಲ್ಲ. ನಿಮ್ಮದೇ ಕಸುಬಿನ ಹ್ಯಾರಿ ಬ್ರಿಗ್ನಲ್ ಎಂಬ ಬ್ರಿಟಿಷ್ ವಿನ್ಯಾಸಕರು. ಜೊತೆಯವರು ಏನು ಮಾಡುತ್ತಿದ್ದಾರೆಂದು ಕಂಡು, ಒಂದೊಂದು ತಂತ್ರವನ್ನೂ ಹೆಸರಿಟ್ಟು ಬಯಲಿಗೆಳೆದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಹೂಡಿದ ದಾವೆಯನ್ನು ನೀವು ಓದಿರಬಹುದು. ಪ್ರೈಮ್ ರದ್ದು ಮಾಡುವ ದಾರಿಗೆ ಕಂಪನಿಯ ಒಳಗೆ ಇಟ್ಟಿದ್ದ ಹೆಸರು "ಇಲಿಯಡ್", ಮುಗಿಯದ ಯುದ್ಧದ ಗ್ರೀಕ್ ಮಹಾಕಾವ್ಯದ್ದು. ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ ಎಂದು ದಾವೆಯಲ್ಲಿ ಎಣಿಸಿ ಬರೆದಿದ್ದರು. ಇದು ಸರಿಯಲ್ಲ ಎಂದು ಒಳಗಿನ ನೌಕರರೇ ಪರಸ್ಪರ ಬರೆದುಕೊಂಡ ಮಾತುಗಳು ಸಾಕ್ಷ್ಯವಾಗಿ ಬಂದವು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ತಪ್ಪು ಒಪ್ಪಿಕೊಳ್ಳದೆಯೇ 250 ಕೋಟಿ ಡಾಲರಿಗೆ ರಾಜಿಯಾಯಿತು, ಅದರಲ್ಲಿ 150 ಕೋಟಿ ಗ್ರಾಹಕರಿಗೆ ಹಿಂದಿರುಗಿಸಲು. ಅದೇ ಅಮೆರಿಕದಲ್ಲಿ, ಸೇರಿದಷ್ಟೇ ಸುಲಭವಾಗಿ ಬಿಡುವಂತಿರಬೇಕು ಎಂದು ಆ ಕಮಿಷನ್ ಮಾಡಿದ್ದ ನಿಯಮವನ್ನು ಜಾರಿಗೆ ಕೆಲವೇ ದಿನ ಇರುವಾಗ 2025ರ ಜುಲೈನಲ್ಲಿ ನ್ಯಾಯಾಲಯ ರದ್ದು ಮಾಡಿತು. ಜರ್ಮನಿಯಲ್ಲಿ ಮಾತ್ರ 2022ರ ಜುಲೈ 1ರಿಂದ ಜಾಲತಾಣದಲ್ಲೇ ಎದ್ದುಕಾಣುವ ರದ್ದತಿ ಗುಂಡಿ ಇರಲೇಬೇಕೆಂಬ ಕಾನೂನು ನಡೆದುಕೊಂಡು ಬಂದಿದೆ. ಆ ಗುಂಡಿಯನ್ನು ಅಲ್ಲಿನ ವಿನ್ಯಾಸಕರು ಬಿಡಿಸಿದರು, ಕಂಪನಿಗಳು ಮುಳುಗಲಿಲ್ಲ.

ನಿಮ್ಮ ಮೇಲಿರುವ ಒತ್ತಡ ನನಗೆ ಅರ್ಥವಾಗದ್ದಲ್ಲ. ನಮಗೂ ತಿಂಗಳ ಗುರಿ ಇತ್ತು, ಸಾಲ ಕೇಳಲು ಬಂದವರಿಗೆ ವಿಮೆ ಅಂಟಿಸಿ ಎಂದು ಮೇಲಿನಿಂದ ಒತ್ತಡ ಬರುತ್ತಿತ್ತು. ಒಪ್ಪದೆ ನಿಂತ ಸಹೋದ್ಯೋಗಿಗಳನ್ನು ನೋಡಿದ್ದೇನೆ. ಅವರ ಬಡ್ತಿ ತಡವಾಯಿತು, ನಿಜ. ಅವರ ಶಾಖೆಯ ಗ್ರಾಹಕರು ಅವರು ವರ್ಗವಾಗಿ ಹೋದ ಊರಿಗೂ ಖಾತೆ ಬದಲಿಸಿಕೊಂಡು ಹೋದರು, ಅದೂ ನಿಜ. ಗುರಿಯ ಹಾಳೆಯಲ್ಲಿ "ಎಷ್ಟು ಜನ ರದ್ದು ಮಾಡಲಿಲ್ಲ" ಎಂದಿರುವ ಕಡೆ, "ರದ್ದು ಮಾಡಲು ಬಂದವರಲ್ಲಿ ಎಷ್ಟು ಜನ ದಾರಿ ಸಿಗದೆ ವಾಪಸು ಹೋದರು" ಎಂಬ ಅಂಕಿಯನ್ನೂ ನೀವು ಪಕ್ಕದಲ್ಲಿ ಬರೆದು ತೋರಿಸಬಹುದು. ಆ ಅಂಕಿ ನಿಮ್ಮ ಬಳಿ ಮಾತ್ರ ಇದೆ. ಪ್ರಾಧಿಕಾರಕ್ಕೂ ಇಲ್ಲ, ನನಗೂ ಇಲ್ಲ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಬುಟ್ಟಿ ತೆರೆದ ಕೂಡಲೇ ಎಲ್ಲ ಶುಲ್ಕ ಸೇರಿದ ಮೊತ್ತ ಕಾಣಲಿ. ಒಂದು ರೂಪಾಯಿ ಎಷ್ಟು ದೊಡ್ಡ ಅಕ್ಷರದಲ್ಲಿದೆಯೋ ಇನ್ನೂರ ತೊಂಬತ್ತೊಂಬತ್ತೂ ಅಷ್ಟೇ ದೊಡ್ಡದಿರಲಿ, ಅದೇ ಭಾಷೆಯಲ್ಲಿರಲಿ. ಸೇರುವ ಗುಂಡಿ ಇರುವ ಪುಟದಲ್ಲೇ ಬಿಡುವ ಗುಂಡಿಯೂ ಇರಲಿ, ಅದರ ಮೇಲೆ "ಚಂದಾ ರದ್ದು ಮಾಡಿ" ಎಂದೇ ಬರೆದಿರಲಿ. ಹಣ ಕಟ್ ಆಗುವ ಹಿಂದಿನ ದಿನ ಬರುವ ಸಂದೇಶ ಕನ್ನಡ ಆರಿಸಿಕೊಂಡವರಿಗೆ ಕನ್ನಡದಲ್ಲಿ ಬರಲಿ. ಮೇಷ್ಟ್ರಿಗೂ ಆ 24 ಗಂಟೆಯ ಸಂದೇಶ ಬಂದಿತ್ತು. ಬ್ಯಾಂಕಿನ ಹತ್ತಾರು ಇಂಗ್ಲಿಷ್ ಸಂದೇಶಗಳ ನಡುವೆ ಅವರು ಓದದೇ ಬಿಟ್ಟಿದ್ದರು.

ಕೊನೆಯದಾಗಿ ಒಂದು ಪ್ರಸ್ತಾಪ. ಹೊಸ ಪರದೆಯನ್ನು ಬಿಡುಗಡೆ ಮಾಡುವ ಮೊದಲು ನೀವು ಕೆಲವರ ಕೈಗೆ ಕೊಟ್ಟು ಪರೀಕ್ಷಿಸುತ್ತೀರಿ ಎಂದು ಕೇಳಿದ್ದೇನೆ. ಆ ಕೆಲವರು ಬಹುಮಟ್ಟಿಗೆ ನಿಮ್ಮ ವಯಸ್ಸಿನವರು, ನಿಮ್ಮ ಊರಿನವರು, ನಿಮ್ಮಷ್ಟೇ ಇಂಗ್ಲಿಷ್ ಬಲ್ಲವರು. ನಮ್ಮ ಊರಿನಲ್ಲಿ ನಿವೃತ್ತ ಬ್ಯಾಂಕ್ ನೌಕರರ, ಉಪಾಧ್ಯಾಯರ ಒಂದು ಬಳಗವಿದೆ; ಪ್ರತಿ ಭಾನುವಾರ ಸೇರುತ್ತೇವೆ. ನಿಮ್ಮ ಚಂದಾ ಪುಟವನ್ನೂ ರದ್ದತಿ ಪುಟವನ್ನೂ ಇಲ್ಲಿಗೆ ತನ್ನಿ. ನಾವು ಒಂದೊಂದು ಗುಂಡಿಯನ್ನೂ ಒತ್ತಿ, ಎಲ್ಲಿ ನಿಂತೆವು, ಯಾಕೆ ನಿಂತೆವು ಎಂದು ಹೇಳುತ್ತೇವೆ. ಗುಂಡಿಯ ಮೇಲಿನ ಕನ್ನಡವನ್ನೂ ತಿದ್ದಿಕೊಡುತ್ತೇವೆ. ದುಡ್ಡು ಬೇಡ. ಬೆಂಗಳೂರಿನಿಂದ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿರುತ್ತೀರಿ.

ಇಂತಿ,
ಶಿವಮೊಗ್ಗದ ಒಬ್ಬ ನಿವೃತ್ತ ಬ್ಯಾಂಕ್ ನೌಕರೆ